ಟೊಲುಯೀನ್‌ನಲ್ಲಿ ಚಿನ್ನದ ನ್ಯಾನೋ ಕಣಗಳು: ತೊಳೆದ ಮೇಲೆ ಕೆಂಪು ಹೋಗಿ ನೇರಳೆ ಆಗುತ್ತಿದೆ, ಯಾಕೆ?

ಕೆಂಪುದ್ರವ

ಎಲ್ಲರಿಗೂ ನಮಸ್ಕಾರ. ಟೊಲುಯೀನ್‌ನಲ್ಲಿ (ನೀರಿನ ಜೊತೆ ಬೆರೆಯದ ದ್ರಾವಕ) ತಿಂಗಳುಗಟ್ಟಲೆ ಕೆಡದೆ ಉಳಿಯುವ ಚಿನ್ನದ ಕೊಲಾಯ್ಡ್, ಅಂದರೆ ದ್ರವದಲ್ಲಿ ತೇಲಿಕೊಂಡಿರುವ ಅತಿಸಣ್ಣ ಕಣಗಳು ಬೇಕು. ಅದಕ್ಕಾಗಿ ಮಾಡಿದ್ದನ್ನು ಮೊದಲು ಹೇಳಿಬಿಡುತ್ತೇನೆ.

ಶುರುವಿಗೆ ಬ್ರಸ್ಟ್ ವಿಧಾನ ಹಿಡಿದೆ. ನೀರಿನಲ್ಲಿರುವ ಕ್ಲೋರೋಆರಿಕ್ ಆಮ್ಲವನ್ನು ಟೆಟ್ರಾಆಕ್ಟೈಲ್ ಅಮೋನಿಯಂ ಬ್ರೋಮೈಡ್ ಹಾಕಿ ಟೊಲುಯೀನ್‌ಗೆ ಎಳೆದುಕೊಂಡೆ. ಆಮೇಲೆ ಡೋಡೆಕೇನ್‌ಥಯಾಲ್, ಕೊನೆಗೆ ಸೋಡಿಯಂ ಬೋರೋಹೈಡ್ರೈಡ್. ಕಡು ಕಂದು ದ್ರವ ಬಂತು. ಅದು ಗಟ್ಟಿಗ. ಪೂರ್ತಿ ಒಣಗಿಸಿದರೂ ಮತ್ತೆ ಟೊಲುಯೀನ್‌ನಲ್ಲಿ ಸಲೀಸಾಗಿ ಕರಗುತ್ತದೆ. ಆದರೆ ಯುವಿ-ವಿಸ್‌ನಲ್ಲಿ (ದ್ರವ ಯಾವ ಬಣ್ಣದ ಬೆಳಕನ್ನು ಎಷ್ಟು ಹೀರುತ್ತದೆ ಅನ್ನುವ ಅಳತೆ) 520 ನ್ಯಾನೋಮೀಟರ್ ಹತ್ತಿರ ಪೀಕ್ ಇದೆಯೋ ಇಲ್ಲವೋ ಅನ್ನುವಷ್ಟು ಸಣ್ಣದು. ನನಗೆ ಬೇಕಿರುವುದು ಒಳ್ಳೆ ಕೆಂಪು ಬಣ್ಣ ಕೊಡುವ 8–10 ನ್ಯಾನೋಮೀಟರ್ ಕಣ.

ಹಾಗಾಗಿ ಓಲೈಲ್‌ಅಮೀನ್ ದಾರಿಗೆ ಬಂದೆ. ಟೊಲುಯೀನ್ ಕುದಿಸಿ ರಿಫ್ಲಕ್ಸ್ ಮಾಡುವಾಗ ಚಿನ್ನದ ಉಪ್ಪು ಮತ್ತು ಓಲೈಲ್‌ಅಮೀನ್ ಮಿಶ್ರಣವನ್ನು ಒಳಕ್ಕೆ ಸುರಿದೆ. ಚೆಂದದ ಕೆಂಪು. ಪೀಕ್ 525ರಲ್ಲಿ. ಎಥನಾಲ್ ಹಾಕಿ ಸೆಂಟ್ರಿಫ್ಯೂಜ್ ಮಾಡಿ ತೊಳೆದೆ. ಮೊದಲ ಸಲ ಏನೂ ಆಗಲಿಲ್ಲ. ಎರಡನೇ ಸಲ ತೊಳೆದು ಟೊಲುಯೀನ್ ಹಾಕಿದಾಗ ದ್ರವ ನೇರಳೆ, ತಳದಲ್ಲಿ ಕಪ್ಪು ಗಸಿ.

ಇನ್ನೊಂದು ಗೊಂದಲ. ಟಿಇಎಂನಲ್ಲಿ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಕಣ ಸುಮಾರು 9 ನ್ಯಾನೋಮೀಟರ್. ಅದೇ ಸ್ಯಾಂಪಲ್ಲಿಗೆ ಡಿಎಲ್‌ಎಸ್ (ಚದುರಿದ ಬೆಳಕಿನಿಂದ ದ್ರವದಲ್ಲಿರುವ ಕಣದ ಗಾತ್ರ ಅಳೆಯುವ ಯಂತ್ರ) 90 ತೋರಿಸುತ್ತದೆ. ಯಾವುದನ್ನು ನಂಬಲಿ?

ಹಳೇ ಫ್ಲಾಸ್ಕ್

ಬ್ರಸ್ಟ್ ದ್ರವ ಕಂದಾಗಿರುವುದು ಸರಿಯಾಗಿಯೇ ಇದೆ. 1994ರಲ್ಲಿ ಬ್ರಸ್ಟ್, ಶಿಫ್ರಿನ್ ಮತ್ತು ಜೊತೆಗಾರರು ಆ ವಿಧಾನ ಪ್ರಕಟಿಸಿದಾಗಲೂ ಅವರಿಗೆ ಸಿಕ್ಕಿದ್ದು 1ರಿಂದ 3 ನ್ಯಾನೋಮೀಟರ್ ಕಣಗಳೇ. ಸುಮಾರು 2 ನ್ಯಾನೋಮೀಟರ್‌ಗಿಂತ ಕೆಳಗೆ ಪ್ಲಾಸ್ಮಾನ್ ಪೀಕ್, ಅಂದರೆ ಕೆಂಪು ಬಣ್ಣ ಕೊಡುವ ಆ 520ರ ಪೀಕ್, ಎದ್ದು ಕಾಣುವುದಿಲ್ಲ. ಕೆಂಪು ಬೇಕು ಅಂದರೆ ದೊಡ್ಡ ಕಣ ಬೇಕು. ಓಲೈಲ್‌ಅಮೀನ್‌ಗೆ ಬಂದಿದ್ದು ಒಳ್ಳೆಯದೇ. ಅಮೀನ್ ಬಳಸಿ 6ರಿಂದ 21 ನ್ಯಾನೋಮೀಟರ್ ಚಿನ್ನ ಮಾಡುವ ದಾರಿಯನ್ನು ಹಿರಮತ್ಸು ಮತ್ತು ಓಸ್ಟರ್ಲೋ 2004ರಲ್ಲಿ ತೋರಿಸಿದರು. ಆ ಅಮೀನನ್ನು ಆಮೇಲೆ ಥಯಾಲ್‌ಗೆ (ಗಂಧಕದ ತುದಿಯಿಂದ ಚಿನ್ನಕ್ಕೆ ಅಂಟುವ ಅಣು) ಬದಲಾಯಿಸಿಕೊಳ್ಳಬಹುದು ಅಂತಲೂ ಹೇಳಿದ್ದಾರೆ. ನಿಮ್ಮ ಕೆಲಸಕ್ಕೆ ಆ ಎರಡನೇ ಮಾತೇ ಮುಖ್ಯ.

ಈಗ ನೇರಳೆ ಯಾಕಾಯಿತು ಅಂತ ನೋಡೋಣ. ನೀರಿನಲ್ಲಿ ಸಿಟ್ರೇಟ್ ಚಿನ್ನ ನಿಲ್ಲುವುದು ವಿದ್ಯುದಾವೇಶದ ಬಲದಿಂದ. ಕಣಗಳೆಲ್ಲ ಋಣ, ಒಂದನ್ನೊಂದು ತಳ್ಳುತ್ತವೆ. ಟೊಲುಯೀನ್‌ನಲ್ಲಿ ಈ ಲೆಕ್ಕ ನಡೆಯುವುದಿಲ್ಲ. ನೀರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ (ಆವೇಶಗಳ ನಡುವಿನ ಬಲವನ್ನು ದ್ರವ ಎಷ್ಟು ಕುಗ್ಗಿಸುತ್ತದೆ ಅನ್ನುವ ಅಂಕಿ) 80ರ ಹತ್ತಿರ, ಟೊಲುಯೀನ್‌ದು 2.4, ಹೆಕ್ಸೇನ್‌ದು 1.9. ಎರಡು ಅಯಾನುಗಳ ನಡುವಿನ ಸೆಳೆತ ಉಷ್ಣ ಚಲನೆಯ ಶಕ್ತಿಗೆ ಸಮ ಆಗುವ ದೂರ ನೀರಿನಲ್ಲಿ 0.7 ನ್ಯಾನೋಮೀಟರ್. ಟೊಲುಯೀನ್‌ನಲ್ಲಿ ಅದು 23ಕ್ಕೂ ಜಾಸ್ತಿ. ಅಂದರೆ ಧನ-ಋಣ ಬಿಡಿಸಿಕೊಂಡು ಓಡಾಡುವುದೇ ಕಷ್ಟ. ಕಣದ ಮೇಲೆ ಆವೇಶ ಉಳಿಯುವುದಿಲ್ಲ ಅಂತಲೇ ಇಟ್ಟುಕೊಳ್ಳಿ.

ಹಾಗಾದರೆ ತಡೆಯುವವರು ಯಾರು? ಲಿಗ್ಯಾಂಡ್ ಮಾತ್ರ, ಅಂದರೆ ಕಣಕ್ಕೆ ಅಂಟಿಕೊಂಡ ಓಲೈಲ್‌ಅಮೀನ್, ಥಯಾಲ್‌ನಂಥ ಅಣುಗಳು. ಕಣದ ಮೈಮೇಲೆ ಕೂದಲಿನ ಹಾಗೆ ನಿಂತ ಸರಪಳಿಗಳು, ಅವುಗಳ ನಡುವೆ ಸೇರಿಕೊಂಡ ದ್ರಾವಕ. ಎರಡು ಕಣ ಹತ್ತಿರ ಬಂದಾಗ ಈ ಸರಪಳಿಗಳು ಇಕ್ಕಟ್ಟಾಗುತ್ತವೆ, ದ್ರಾವಕ ಹೊರಗೆ ಹೋಗಬೇಕಾಗುತ್ತದೆ. ದ್ರಾವಕಕ್ಕೆ ಸರಪಳಿ ಇಷ್ಟವಿದ್ದರೆ ಅದು ಹೊರಗೆ ಹೋಗಲು ಒಪ್ಪುವುದಿಲ್ಲ, ಕಣಗಳು ದೂರವೇ ಉಳಿಯುತ್ತವೆ. ಎಥನಾಲ್ ಹಾಕಿದಾಗ ಸರಪಳಿಗಳು ಮುದುಡಿ ಮಲಗುತ್ತವೆ, ಅದಕ್ಕೇ ಕಣ ಕೆಳಗೆ ಬೀಳುತ್ತದೆ. ಅದು ನಿಮಗೆ ಬೇಕಾದದ್ದೇ. ಆದರೆ ಓಲೈಲ್‌ಅಮೀನ್ ಚಿನ್ನಕ್ಕೆ ಗಟ್ಟಿಯಾಗಿ ಅಂಟುವ ಜಾತಿಯಲ್ಲ. ಬರುತ್ತದೆ, ಹೋಗುತ್ತದೆ. ದ್ರವದಲ್ಲಿ ಬಿಡಿ ಅಮೀನ್ ಇರುವವರೆಗೆ ಹೋದ ಜಾಗಕ್ಕೆ ಇನ್ನೊಂದು ಬಂದು ಕೂರುತ್ತದೆ. ಪ್ರತಿ ಸಲ ತೊಳೆದಾಗ ಆ ಬಿಡಿ ಅಮೀನ್ ಕಡಿಮೆ. ಎರಡನೇ ತೊಳೆತದಲ್ಲಿ ಕಣದ ಮೈ ಅಲ್ಲಲ್ಲಿ ಬರಿದಾಗಿದೆ. ಬರಿ ಮೈ ಎರಡು ತಾಗಿದರೆ ಚಿನ್ನಕ್ಕೆ ಚಿನ್ನ ಬೆಸೆದುಕೊಳ್ಳುತ್ತದೆ, ಆಮೇಲೆ ಯಾವ ಸೋನಿಕೇಟರ್‌ಗೂ ಅದು ಬಿಡುವುದಿಲ್ಲ.

ಬ್ರಸ್ಟ್ ಕಣ ಒಣಗಿದರೂ ತಡೆದುಕೊಂಡದ್ದು ಎರಡು ಕಾರಣಕ್ಕೆ. ಥಯಾಲ್ ಗಟ್ಟಿಯಾಗಿ ಹಿಡಿಯುತ್ತದೆ. ಜೊತೆಗೆ ಕಣವೂ ಸಣ್ಣದು. ಮೈಗಳ ನಡುವಿನ ಅಂತರ ಅಷ್ಟೇ ಇದ್ದು ಕಣದ ಗಾತ್ರ ಎರಡರಷ್ಟಾದರೆ ಲೋಹಗಳ ನಡುವಿನ ಸೆಳೆತವೂ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ.

ನಾಲ್ಕನೇ ಬೆಂಚು

ಕೆಲವು ಪ್ರಶ್ನೆಗಳು. ಒಂದು ಪಾಲು ಕೊಲಾಯ್ಡ್‌ಗೆ ಎಥನಾಲ್ ಎಷ್ಟು ಪಾಲು ಹಾಕಿದಿರಿ? ಸೆಂಟ್ರಿಫ್ಯೂಜ್ ವೇಗ ಎಷ್ಟು? ಟ್ಯೂಬ್ ಯಾವುದು? ತಳಕ್ಕೆ ಬಿದ್ದದ್ದನ್ನು ಒಣಗಲು ಬಿಟ್ಟಿದ್ದಿರಾ? ಓಲೈಲ್‌ಅಮೀನ್ 70 ಶೇಕಡಾ ದರ್ಜೆಯದಾ?

ಕೆಂಪುದ್ರವ

ಎಥನಾಲ್ ನಾಲ್ಕು ಪಾಲು. ವೇಗ ರೋಟರಿನ ಮಿತಿಯವರೆಗೂ ಏರಿಸಿದ್ದೆ, ಬೇಗ ಆಗಲಿ ಅಂತ. ಟ್ಯೂಬ್ ಪಾಲಿಪ್ರೊಪಿಲೀನ್. ಹೌದು, ಎಥನಾಲ್ ಪೂರ್ತಿ ಹೋಗಲಿ ಅಂತ ತೆರೆದಿಟ್ಟು ಒಣಗಿಸಿದ್ದೆ. ಓಲೈಲ್‌ಅಮೀನ್ 70 ಶೇಕಡಾದ್ದೇ.

ನಾಲ್ಕನೇ ಬೆಂಚು

ಹಾಗಿದ್ದರೆ ನಾನು ಮಾಡುವ ಕ್ರಮ ಹೇಳುತ್ತೇನೆ. ಎಥನಾಲನ್ನು ಒಟ್ಟಿಗೆ ಸುರಿಯಬೇಡಿ. ಸಮಪಾಲಿನವರೆಗೆ ಸ್ವಲ್ಪ ಸ್ವಲ್ಪವೇ ಹಾಕುತ್ತಾ ಹೋಗಿ. ಕೆಂಪು ಕೊಂಚ ಮಬ್ಬಾಗಿ ನೀಲಿ ಛಾಯೆ ತಿರುಗಿದ ತಕ್ಷಣ ನಿಲ್ಲಿಸಿ. ಅಷ್ಟಕ್ಕೇ ಕಣ ಬೀಳುತ್ತದೆ, ನಿಧಾನ ವೇಗ ಸಾಕು. ವೇಗ ಜಾಸ್ತಿಯಾದರೆ ತಳದಲ್ಲಿ ಗಟ್ಟಿ ಹೆಂಟೆ ಕಟ್ಟುತ್ತದೆ. ಮೇಲಿನ ದ್ರವ ಬಸಿದು ತಕ್ಷಣ, ಇನ್ನೂ ಒದ್ದೆ ಇರುವಾಗಲೇ ಟೊಲುಯೀನ್ ಹಾಕಿ. ಆ ಟೊಲುಯೀನ್‌ನಲ್ಲಿ ಒಂದೆರಡು ಹನಿ ಓಲೈಲ್‌ಅಮೀನ್ ಇರಲಿ. ಒಣಗಿಸುವ ಕೆಲಸ ಥಯಾಲ್ ಹಾಕಿದ ಮೇಲೆ ಮಾತ್ರ.

70 ಶೇಕಡಾ ದರ್ಜೆಯ ಬಗ್ಗೆ ಇನ್ನೊಂದು ಮಾತು. ಉಳಿದ ಭಾಗದಲ್ಲಿ ಬೇರೆ ಉದ್ದದ ಅಮೀನ್‌ಗಳು, ದ್ವಿಬಂಧ ಇಲ್ಲದವು, ಟ್ರಾನ್ಸ್ ರೂಪದವು ಎಲ್ಲ ಇರುತ್ತವೆ. ಬಾಟಲಿಯಿಂದ ಬಾಟಲಿಗೆ ಕಣದ ಗಾತ್ರ ಬದಲಾಗುತ್ತದೆ. ಬ್ಯಾಚ್ ನಂಬರ್ ನೋಟ್‌ಬುಕ್ಕಿನಲ್ಲಿ ತಪ್ಪದೆ ಬರೆಯಿರಿ.

ಸೂಜಿಮೊನೆ

ಡಿಎಲ್‌ಎಸ್ ವಿಚಾರಕ್ಕೆ ಬರುತ್ತೇನೆ. ಟಿಇಎಂ, ಡಿಎಲ್‌ಎಸ್ ಎರಡೂ ನಿಜವನ್ನೇ ಹೇಳುತ್ತಿರಬಹುದು. ಅವು ಉತ್ತರಿಸುತ್ತಿರುವ ಪ್ರಶ್ನೆ ಬೇರೆ ಬೇರೆ.

ಸಣ್ಣ ಕಣ ಚದುರಿಸುವ ಬೆಳಕು ವ್ಯಾಸದ ಆರನೇ ಘಾತಕ್ಕೆ ತಕ್ಕಂತೆ ಏರುತ್ತದೆ. 9 ಮತ್ತು 90 ಹೋಲಿಸಿ. ಹತ್ತರ ಆರನೇ ಘಾತ, ಹತ್ತು ಲಕ್ಷ. ಒರಟು ಲೆಕ್ಕದಲ್ಲಿ, ಹತ್ತು ಲಕ್ಷ ಒಳ್ಳೆ ಕಣಗಳ ನಡುವೆ ಒಂದೇ ಒಂದು ದೊಡ್ಡ ಗುಂಪಿದ್ದರೂ ಎರಡರ ಸಿಗ್ನಲ್ ಸಮ. ಟಿಇಎಂನಲ್ಲಿ ನೀವು ನೋಡುವುದು ಕೆಲವು ನೂರು ಕಣ. ಆ ಒಂದು ಗುಂಪು ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ದ್ರಾವಕದ ಸೆಟ್ಟಿಂಗ್ ನೋಡಿದಿರಾ? ಸುಮಾರು ಯಂತ್ರಗಳಲ್ಲಿ ನೀರು ಅಂತಲೇ ಇರುತ್ತದೆ. 25 ಡಿಗ್ರಿಯಲ್ಲಿ ನೀರಿನ ಸ್ನಿಗ್ಧತೆ 0.89 ಮಿಲಿಪಾಸ್ಕಲ್-ಸೆಕೆಂಡ್, ಟೊಲುಯೀನ್‌ದು 0.56. ವಕ್ರೀಭವನ ಸೂಚ್ಯಂಕ ನೀರಿಗೆ 1.33, ಟೊಲುಯೀನ್‌ಗೆ 1.50. ನೀರಿನ ಅಂಕಿ ಹಾಗೇ ಬಿಟ್ಟರೆ ಯಂತ್ರ ನಿಜ ಗಾತ್ರದ ಅರ್ಧ ತೋರಿಸುತ್ತದೆ. ಅಂದರೆ ನಿಮ್ಮ 90 ನೀರಿನ ಸೆಟ್ಟಿಂಗ್‌ನಲ್ಲಿ ಬಂದಿದ್ದರೆ ನಿಜದಲ್ಲಿ 180. ಸೆಟ್ಟಿಂಗ್ ತಪ್ಪಿದ್ದರಿಂದ ದೊಡ್ಡದಾಗಿ ಕಂಡಿತು ಅನ್ನುವ ಸಮಾಧಾನ ಇಲ್ಲಿ ಸಿಗುವುದಿಲ್ಲ.

ಕುವೆಟ್ ಗಾಜು ಅಥವಾ ಕ್ವಾರ್ಟ್ಜ್ ಆಗಿರಲಿ. ಬಿಸಾಡುವ ಪಾಲಿಸ್ಟೈರೀನ್ ಕುವೆಟ್ ಟೊಲುಯೀನ್‌ನಲ್ಲಿ ಕರಗುತ್ತದೆ, ಕರಗಿದ ಪಾಲಿಮರ್ ಬೆಳಕನ್ನೂ ಚದುರಿಸುತ್ತದೆ. ಅಳೆಯುವ ಮೊದಲು 0.2 ಮೈಕ್ರಾನ್ ಪಿಟಿಎಫ್‌ಇ (ಟೆಫ್ಲಾನ್) ಫಿಲ್ಟರ್‌ನಲ್ಲಿ ಸೋಸಿ ಧೂಳು ತೆಗೆಯಿರಿ. ಸಿರಿಂಜ್ ಗಾಜಿನದಿರಲಿ, ರಬ್ಬರ್ ಪಿಸ್ಟನ್ ಇರುವುದು ಬೇಡ. ಸೋಸಿದ ಬರಿ ಟೊಲುಯೀನನ್ನೂ ಒಮ್ಮೆ ಅಳೆಯಿರಿ.

9 ನ್ಯಾನೋಮೀಟರ್ ತಿರುಳು, ಸುತ್ತ ಲಿಗ್ಯಾಂಡ್ ಪದರ. ಆರೋಗ್ಯವಾಗಿರುವ ಸ್ಯಾಂಪಲ್‌ಗೆ ಡಿಎಲ್‌ಎಸ್ 12–13ರ ಹತ್ತಿರ ಕೊಡಬೇಕು. ಇಂಟೆನ್ಸಿಟಿ ಗ್ರಾಫನ್ನೇ ನೋಡಿ. ಸಂಖ್ಯೆಯ ಗ್ರಾಫ್‌ಗೆ ಬದಲಾಯಿಸಿದರೆ 90ರ ಗುಡ್ಡ ಮಾಯವಾಗುತ್ತದೆ, ಗುಂಪುಗಳು ಮಾಯವಾಗುವುದಿಲ್ಲ.

ಟಿಇಎಂಗೆ ಬಂದರೆ, ಗ್ರಿಡ್ ಮೇಲೆ ಕಣಗಳು ಒತ್ತಾಗಿ ಕಂಡರೆ ಅದು ಒಣಗುವಾಗ ಆದದ್ದೂ ಇರಬಹುದು. ಅದನ್ನು ನೋಡಿ ದ್ರವದಲ್ಲೇ ಗುಂಪಾಗಿತ್ತು ಅಂತ ತೀರ್ಮಾನಿಸಬೇಡಿ. ಕಣಗಳ ನಡುವೆ ಸಮನಾದ ಸಂದು ಕಂಡರೆ ಲಿಗ್ಯಾಂಡ್ ಜಾಗದಲ್ಲಿದೆ. ಸಂದೇ ಇಲ್ಲದೆ ಬೆಸೆದಿದ್ದರೆ ಚಿಂತಿಸಿ. ಕ್ಲೋರೋಫಾರ್ಮ್‌ನಲ್ಲಿರುವ ಸ್ಯಾಂಪಲ್ಲನ್ನು ಫಾರ್ಮ್‌ವಾರ್ ಅನ್ನುವ ಪ್ಲಾಸ್ಟಿಕ್ ಪದರದ ಗ್ರಿಡ್ ಮೇಲೆ ಹಾಕಬೇಡಿ, ಪದರವೇ ಕರಗುತ್ತದೆ.

ಬಿಳಿಕೋಟು

ಇಷ್ಟೆಲ್ಲ ಯಾಕೆ? ಉದ್ದನೆಯ ಥಯಾಲ್ ಹಾಕಿಬಿಡಿ. ಡೋಡೆಕೇನ್ ಬದಲು ಆಕ್ಟಾಡೆಕೇನ್‌ಥಯಾಲ್. ಬಾಲ ಉದ್ದ ಆದಷ್ಟೂ ಕಣಗಳು ದೂರ, ಸ್ಥಿರತೆ ಜಾಸ್ತಿ.

ಹಳೇ ಫ್ಲಾಸ್ಕ್

ಇದನ್ನು ಒಪ್ಪುವುದಕ್ಕೆ ಆಗುವುದಿಲ್ಲ. ಬಹಳ ಪುಸ್ತಕಗಳಲ್ಲಿ ಹೀಗೇ ಇದೆ, ನಿಜ. ಆದರೆ ಲಿಗ್ಯಾಂಡ್ ಪದರ ಯಾವಾಗಲೂ ದ್ರವದ ಹಾಗೆ ಅಲುಗಾಡುತ್ತಿರುತ್ತದೆ ಅನ್ನುವ ಊಹೆ ಅದರ ಹಿಂದಿದೆ. ನೇರ ಸರಪಳಿಗಳು ತಣ್ಣಗಾದಾಗ ಒಂದರ ಪಕ್ಕ ಒಂದು ಸಾಲಾಗಿ ನಿಂತು ಹೆಪ್ಪುಗಟ್ಟುತ್ತವೆ. ಆಗ ದ್ರಾವಕ ಅವುಗಳ ನಡುವಿನಿಂದ ಹೊರಬೀಳುತ್ತದೆ. ಪಕ್ಕದ ಕಣದ ಪದರದ ಜೊತೆ ಅಂಟಿಕೊಳ್ಳುವುದೇ ಅದಕ್ಕೆ ಹಿತ. ಟೋಬಿಯಾಸ್ ಕ್ರೌಸ್ ಮತ್ತು ವಿಡ್ಮರ್-ಕೂಪರ್ ಅವರ ತಂಡಗಳು 2018ರಲ್ಲಿ ಆಲ್ಕೇನ್ ದ್ರಾವಕಗಳಲ್ಲಿ ಇದನ್ನು ವಿವರವಾಗಿ ತೋರಿಸಿದವು. ಸಣ್ಣ ಕಣಗಳನ್ನು ಒಟ್ಟುಗೂಡಿಸುವುದು ಚಿನ್ನದ ಸೆಳೆತ ಅಲ್ಲ, ಹೆಪ್ಪುಗಟ್ಟಿದ ಲಿಗ್ಯಾಂಡ್ ಪದರ. ಸರಪಳಿ ಉದ್ದವಾದಷ್ಟೂ ಹೆಪ್ಪುಗಟ್ಟುವ ತಾಪಮಾನ ಮೇಲೆ. ಅಂಥ ಕಡೆ ಉದ್ದ ಬಾಲ ಸ್ಥಿರತೆಯನ್ನು ಕಡಿಮೆಯೇ ಮಾಡುತ್ತದೆ. ತಿರುಳು ದೊಡ್ಡದಾದ ಮೇಲೆ ಲೋಹದ ಸೆಳೆತ ಮುಂದೆ ಬರುತ್ತದೆ, ಆಗ ದಪ್ಪ ಪದರಕ್ಕೆ ಬೆಲೆ.

9 ನ್ಯಾನೋಮೀಟರ್ ಈ ಎರಡರ ನಡುವಿನ ಜಾಗದಲ್ಲಿದೆ. ಡೋಡೆಕೇನ್‌ಥಯಾಲ್ ಸಾಕು ಅನ್ನುವುದು ನನ್ನ ಅಭಿಪ್ರಾಯ. ಓಲೈಲ್ ಸರಪಳಿಯ ಒಳ್ಳೆ ಗುಣವೂ ಇಲ್ಲೇ ಇದೆ. ಮಧ್ಯದ ಸಿಸ್ ದ್ವಿಬಂಧ ಸರಪಳಿಯನ್ನು ಬಾಗಿಸುತ್ತದೆ. ಬಾಗಿದ್ದು ಸಾಲಾಗಿ ನಿಲ್ಲಲಾರದು, ಬೇಗ ಹೆಪ್ಪುಗಟ್ಟದು.

20 ನ್ಯಾನೋಮೀಟರ್ ದಾಟಿದರೆ ಸಣ್ಣ ಅಣುಗಳ ಕೈಯಲ್ಲಿ ಆಗುವುದಿಲ್ಲ. ತುದಿಯಲ್ಲಿ ಥಯಾಲ್ ಇರುವ ಪಾಲಿಸ್ಟೈರೀನ್ ಹಾಕಬೇಕು.

ಬಿಳಿಕೋಟು

ಸರಿ ಸರ್. ನಾವು ಬಳಸುವುದು 25 ನ್ಯಾನೋಮೀಟರ್ ಕಣ. ಅದಕ್ಕೇ ಉದ್ದ ಬಾಲ ನಮಗೆ ಅನುಕೂಲ ಕಂಡಿರಬೇಕು. ಕೆಂಪುದ್ರವ ಅವರ ಗಾತ್ರಕ್ಕೆ ನನ್ನ ಸಲಹೆ ಹಿಂದೆ ತೆಗೆದುಕೊಳ್ಳುತ್ತೇನೆ.

ಕೆಂಪುದ್ರವ

ಹಾಗಾದರೆ ಅಮೀನ್ ಇರುವಾಗಲೇ, ಒಂದೇ ಸಲ ತೊಳೆದು ಡೋಡೆಕೇನ್‌ಥಯಾಲ್ ಹಾಕಲಾ? ಬಿಸಿ ಮಾಡಬೇಕಾ? ಅಮೀನ್ ಪೂರ್ತಿ ಹೋಯಿತು ಅಂತ ಗೊತ್ತಾಗುವುದು ಹೇಗೆ?

ಸೂಜಿಮೊನೆ

ಕಣ ಇನ್ನೂ ಬಿಡಿಬಿಡಿಯಾಗಿ ಕೆಂಪಾಗಿರುವಾಗಲೇ ಹಾಕಿ. ನೇರಳೆಯಾದ ಮೇಲೆ ಹಾಕಿದರೆ ಥಯಾಲ್ ಗುಂಪಿನ ಹೊರಮೈಗೆ ಮಾತ್ರ ಕೂರುತ್ತದೆ. ಕೋಣೆ ತಾಪಮಾನದಲ್ಲಿ ರಾತ್ರಿಯಿಡೀ ಕಲಕಿದರೆ ಸಾಕು. ಹೆಚ್ಚು ಥಯಾಲ್ ಹಾಕಿ ಟೊಲುಯೀನನ್ನು ಕುದಿಸಬೇಡಿ. ಅದು ಬೇರೆಯೇ ಪ್ರಕ್ರಿಯೆ. ಕ್ಲಾಬುಂಡೆ ತಂಡದವರು ಅದನ್ನು ಡೈಜೆಸ್ಟಿವ್ ರೈಪನಿಂಗ್ ಅಂತ ಕರೆದರು. ದೊಡ್ಡ ಕಣ ಸವೆದು, ಎಲ್ಲವೂ 5 ನ್ಯಾನೋಮೀಟರ್ ಆಸುಪಾಸಿಗೆ ಬಂದು ನಿಲ್ಲುತ್ತವೆ. ನಿಮಗೆ ಬೇಕಾದ 9 ಕೈ ತಪ್ಪುತ್ತದೆ.

ಅಮೀನ್ ಹೋಯಿತಾ ಅಂತ ನೋಡಲು ಪ್ರೋಟಾನ್ ಎನ್‌ಎಂಆರ್ (ಅಣುವಿನಲ್ಲಿರುವ ಹೈಡ್ರೋಜನ್‌ಗಳನ್ನು ಗುರುತಿಸುವ ಪರೀಕ್ಷೆ) ಮಾಡಿ. ಓಲೈಲ್‌ನ ದ್ವಿಬಂಧದ ಪ್ರೋಟಾನ್‌ಗಳು 5.3–5.4 ಪಿಪಿಎಂನಲ್ಲಿ ಬರುತ್ತವೆ. ಬೇರೆ ಏನೂ ಅಲ್ಲಿ ಬರುವುದಿಲ್ಲ, ಹಾಗಾಗಿ ಓದುವುದು ಸುಲಭ. ಬಿಡಿ ಡೋಡೆಕೇನ್‌ಥಯಾಲ್ ಇದ್ದರೆ 2.5ರ ಹತ್ತಿರ ಚೂಪಾದ ಪೀಕ್‌ಗಳು. ಕಣಕ್ಕೆ ಅಂಟಿದ ಥಯಾಲ್‌ನ ಪೀಕ್‌ಗಳು ಅಗಲವಾಗಿ ಮಲಗಿರುತ್ತವೆ. ಗಂಧಕದ ಪಕ್ಕದ ಇಂಗಾಲದ್ದಂತೂ ಕಾಣುವುದೇ ಇಲ್ಲ. ಚೂಪು ಅಂದರೆ ಬಿಡಿ, ಅಗಲ ಅಂದರೆ ಅಂಟಿದ್ದು.

ಎನ್‌ಎಂಆರ್ ಸಿಗದಿದ್ದರೆ ಟಿಜಿಎ, ಅಂದರೆ ಕಾಯಿಸುತ್ತಾ ತೂಕ ಎಷ್ಟು ಇಳಿಯಿತು ಅಂತ ನೋಡುವ ಪರೀಕ್ಷೆ. ಲೆಕ್ಕ ಹಾಕಿ ನೋಡಿ. ಚಿನ್ನದಲ್ಲಿ ಒಂದು ಘನ ನ್ಯಾನೋಮೀಟರ್‌ಗೆ 59 ಪರಮಾಣು. 9 ನ್ಯಾನೋಮೀಟರ್ ಗೋಳದಲ್ಲಿ ಸುಮಾರು 22,500. ಮೈ ಮೇಲೆ ಒಂದು ಚದರ ನ್ಯಾನೋಮೀಟರ್‌ಗೆ 4.7 ಥಯಾಲ್ ಹಿಡಿದರೆ ಸುಮಾರು 1,200. ತೂಕಕ್ಕೆ ತಂದರೆ ಸಾವಯವ ಭಾಗ 5 ಶೇಕಡಾ. 2 ನ್ಯಾನೋಮೀಟರ್ ಕಣಕ್ಕೆ ಇದೇ ಲೆಕ್ಕ 20 ಶೇಕಡಾ ಬರುತ್ತದೆ. ನಿಮ್ಮ ಒಣ ಪುಡಿ 25 ಶೇಕಡಾ ತೂಕ ಕಳೆದುಕೊಂಡರೆ ಬಹುಪಾಲು ಬಿಡಿ ಲಿಗ್ಯಾಂಡ್. ಇನ್ನೂ ತೊಳೆಯಬೇಕು. 5ಕ್ಕಿಂತ ತುಂಬ ಕೆಳಗಿದ್ದರೆ ಮೈ ಬರಿದಾಗಿದೆ.

ಬೆಳ್ಳಿಗೆರೆ

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ಇದೇ ಕ್ರಮ ಬೆಳ್ಳಿಗೂ ನಡೆಯುತ್ತದಾ? ನನ್ನದು ಕ್ಲೋರೋಫಾರ್ಮ್‌ನಲ್ಲಿದೆ, ಹಳದಿ ದಿನೇ ದಿನೇ ಮಂಕಾಗುತ್ತಿದೆ.

ನಾಲ್ಕನೇ ಬೆಂಚು

ಮೊದಲು ಕ್ಲೋರೋಫಾರ್ಮ್ ಬಿಡಿ. ಬೆಳಕಿಗೆ, ಗಾಳಿಗೆ ಅದು ಒಡೆದು ಹೈಡ್ರೋಕ್ಲೋರಿಕ್ ಆಮ್ಲ ಕೊಡುತ್ತದೆ. ಬೆಳ್ಳಿ ಸುಮ್ನೆ ಬೆಳ್ಳಿ ಕ್ಲೋರೈಡ್ ಆಗಿ ಹೋಗುತ್ತದೆ. ಹೆಕ್ಸೇನ್ ಅಥವಾ ಟೊಲುಯೀನ್‌ಗೆ ಬನ್ನಿ, ಕತ್ತಲಲ್ಲಿ ಇಡಿ, ಮೇಲೆ ನೈಟ್ರೋಜನ್ ತುಂಬಿಸಿ. 400–420ರ ಪೀಕ್ ಜಾಗ ಬಿಡದೆ ಎತ್ತರ ಮಾತ್ರ ಇಳಿಯುತ್ತಿದ್ದರೆ ಕಣ ಸವೆಯುತ್ತಿದೆ. ಪೀಕ್ ಅಗಲವಾಗಿ 500ರ ಕಡೆಗೆ ಬಾಲ ಎದ್ದರೆ ಗುಂಪಾಗುತ್ತಿದೆ. ಎರಡೂ ಬೇರೆ ರೋಗ, ಮದ್ದೂ ಬೇರೆ.

ಥಯಾಲ್ ವಿಚಾರದಲ್ಲಿ ಬೆಳ್ಳಿಗೆ ಕೈ ಬಿಗಿ ಹಿಡಿಯಬೇಕು. ಹೆಚ್ಚಾದರೆ, ಗಾಳಿಯೂ ಸೇರಿದರೆ, ಬೆಳ್ಳಿ ಥಯೋಲೇಟ್ ಆಗಿ ಪದರ ಪದರದ ಗಟ್ಟಿ ವಸ್ತು ಬೀಳುತ್ತದೆ. ಬೆಳ್ಳಿಯಲ್ಲಿ ಓಲೈಲ್‌ಅಮೀನ್ ಜೊತೆಗೇ ಬದುಕುವುದು ಮೇಲು.

ತಾಮ್ರಕ್ಕೆ ಈ ಮಾತು ಯಾವುದೂ ಸಾಲದು. ಶುರುವಿನಿಂದ ಕೊನೆವರೆಗೆ ಗಾಳಿ ಇಲ್ಲದೆ ಕೆಲಸ ಮಾಡಬೇಕು.

ಹಳೇ ಫ್ಲಾಸ್ಕ್

ಪಾತ್ರೆ ತೊಳೆಯುವ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳಲೇಬೇಕು. ಚಿನ್ನದ ಕಲೆ ತೆಗೆಯಲು ಅಕ್ವಾ ರೇಜಿಯಾ (ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲಗಳ ಮಿಶ್ರಣ) ಬಳಸುವವರು ದಯವಿಟ್ಟು ಗಮನಿಸಿ. ಟೊಲುಯೀನ್, ಎಥನಾಲ್, ಅಸಿಟೋನ್ ಒಂದು ಹನಿ ಉಳಿದಿದ್ದರೂ ಆ ಫ್ಲಾಸ್ಕಿಗೆ ಅಕ್ವಾ ರೇಜಿಯಾ ಹಾಕಬೇಡಿ. ಸ್ಫೋಟದ ಅಪಾಯ ಇದೆ. ದ್ರಾವಕ ಬಸಿದು, ನೀರಿನಲ್ಲಿ ಚೆನ್ನಾಗಿ ತೊಳೆದು, ಫ್ಯೂಮ್ ಹುಡ್ ಒಳಗೇ ಹಾಕಿ. ಬಳಸಿದ ಆಮ್ಲವನ್ನು ಮುಚ್ಚಳ ಬಿಗಿದ ಬಾಟಲಿಯಲ್ಲಿ ಇಡಬೇಡಿ, ಅನಿಲ ಏಳುತ್ತಲೇ ಇರುತ್ತದೆ. ದ್ರಾವಕದ ತ್ಯಾಜ್ಯದ ಕ್ಯಾನಿಗೆ ಅದು ಹೋಗಲೇ ಕೂಡದು.

ಬೆಳ್ಳಿಗೆ ಅಕ್ವಾ ರೇಜಿಯಾ ಉಪಯೋಗವೂ ಇಲ್ಲ, ಕ್ಲೋರೈಡ್ ಪದರ ಕಟ್ಟಿ ನಿಲ್ಲುತ್ತದೆ. ನೈಟ್ರಿಕ್ ಆಮ್ಲ ಸಾಕು, ದ್ರಾವಕದ ಎಚ್ಚರಿಕೆ ಅದಕ್ಕೂ ಅನ್ವಯ. ಬೆಳ್ಳಿ ಪರ್‌ಕ್ಲೋರೇಟ್ ಟೊಲುಯೀನ್‌ನಲ್ಲಿ ಚೆನ್ನಾಗಿ ಕರಗುತ್ತದೆ ಅಂತ ಯಾರಾದರೂ ಹೇಳಿದರೆ ಆ ದಾರಿಗೆ ಹೋಗಬೇಡಿ. ಒಣಗಿದರೆ ಸಿಡಿಯಬಲ್ಲ ವಸ್ತು ಅದು.

ಕೆಂಪುದ್ರವ

ಹೊಸ ಬ್ಯಾಚ್ ಮಾಡಿದೆ. ಸಮಪಾಲು ಎಥನಾಲ್, ನಿಧಾನ ವೇಗ, ಒದ್ದೆ ಇರುವಾಗಲೇ ಟೊಲುಯೀನ್, ಜೊತೆಗೆ ಎರಡು ಹನಿ ಓಲೈಲ್‌ಅಮೀನ್. ಕೆಂಪು ಹಾಗೇ ಉಳಿಯಿತು! ಆಮೇಲೆ ಡೋಡೆಕೇನ್‌ಥಯಾಲ್ ಹಾಕಿ ರಾತ್ರಿಯಿಡೀ ಕಲಕಿದೆ. ಮರುದಿನ ಮತ್ತೆ ತೊಳೆದೆ, ಈ ಸಲವೂ ಬಣ್ಣ ಬದಲಾಗಲಿಲ್ಲ. ಪೀಕ್ 526. ಡಿಎಲ್‌ಎಸ್ ಸೆಟ್ಟಿಂಗ್ ಟೊಲುಯೀನ್‌ಗೆ ಬದಲಾಯಿಸಿ, ಸೋಸಿ ಅಳೆದಾಗ ಇಂಟೆನ್ಸಿಟಿ ಗ್ರಾಫಲ್ಲಿ 13ರ ಹತ್ತಿರ ಒಂದು ಪೀಕ್, ಜೊತೆಗೆ 100ರ ಮೇಲೆ ಇನ್ನೂ ಒಂದು ಸಣ್ಣ ದಿಬ್ಬ. ಆ ದಿಬ್ಬವನ್ನು ಏನು ಮಾಡಲಿ? ಇದು ಸ್ಥಿರವಾಗಿದೆ ಅಂತ ಬರೆಯಬಹುದಾ?

ಸೂಜಿಮೊನೆ

ಬಹಳ ಖುಷಿಯಾಯಿತು. ದಿಬ್ಬಕ್ಕೆ, ಎಥನಾಲ್ ಹಾಕದೆ ಹಾಗೆಯೇ ಸೆಂಟ್ರಿಫ್ಯೂಜ್ ಮಾಡಿ. ಗುಂಪುಗಳು ಮಾತ್ರ ಕೆಳಗಿಳಿಯುತ್ತವೆ, ಬಿಡಿ ಕಣ ಮೇಲೇ ಉಳಿಯುತ್ತವೆ. ಮೇಲಿನದನ್ನು ತೆಗೆದುಕೊಳ್ಳಿ.

ಸ್ಥಿರ ಅಂತ ಸುಮ್ನೆ ಬರೆಯಬೇಡಿ. ಯಾವುದಕ್ಕೆ ಸ್ಥಿರ ಅಂತ ಹೇಳಬೇಕು, ಅಲ್ವಾ? ಇಟ್ಟಲ್ಲೇ ಇಟ್ಟರೆ ಸ್ಥಿರವಾ, ತೊಳೆದರೆ ಸ್ಥಿರವಾ, ಹತ್ತು ಪಟ್ಟು ತೆಳುಮಾಡಿದರೆ, ಫ್ರಿಜ್ಜಿನಲ್ಲಿಟ್ಟರೆ, ಒಣಗಿಸಿ ಮತ್ತೆ ಕರಗಿಸಿದರೆ? ಒಂದರಲ್ಲಿ ಗೆದ್ದದ್ದು ಇನ್ನೊಂದರಲ್ಲಿ ಸೋಲುತ್ತದೆ. ನಿಮ್ಮ ಅಮೀನ್ ಕಣಗಳೇ ನೋಡಿ, ಬಾಟಲಿಯಲ್ಲಿ ಚೆನ್ನಾಗಿದ್ದವು, ತೊಳೆದಾಗ ಸೋತವು. ಪ್ರತಿಯೊಂದರ ಮೊದಲು ಮತ್ತು ನಂತರ ಯುವಿ-ವಿಸ್ ತೆಗೆಯಿರಿ. ಪೀಕ್‌ನ ಎತ್ತರ ಮತ್ತು 650ರಲ್ಲಿನ ಎತ್ತರ, ಈ ಎರಡರ ಅನುಪಾತ ಬರೆದಿಡಿ. ಗುಂಪು ಕಟ್ಟಲು ಶುರುವಾದರೆ ಕಣ್ಣಿಗೆ ಬಣ್ಣ ಬದಲಾಗುವ ಮೊದಲೇ 650 ಮೇಲೇರುತ್ತದೆ. 400ರಲ್ಲಿನ ಎತ್ತರ ಚಿನ್ನದ ಒಟ್ಟು ಪ್ರಮಾಣ ಹೇಳುತ್ತದೆ. ಒಂದು ಸೆಂಟಿಮೀಟರ್ ಕುವೆಟ್‌ನಲ್ಲಿ 1.2 ಬಂದರೆ ಹೆಚ್ಚುಕಡಿಮೆ 0.5 ಮಿಲಿಮೋಲಾರ್ ಚಿನ್ನ. ಅದು ಇಳಿದರೆ ಎಲ್ಲೋ ತಳಕ್ಕೋ ಗಾಜಿಗೋ ಚಿನ್ನ ಹೋಗಿದೆ.

ಝೀಟಾ ಪೊಟೆನ್ಶಿಯಲ್ (ಕಣದ ಆವೇಶ ಎಷ್ಟು ಅಂತ ಸೂಚಿಸುವ ಅಂಕಿ) ಕೇಳುವ ವಿಮರ್ಶಕರು ಸಿಗಬಹುದು. ಟೊಲುಯೀನ್‌ನಲ್ಲಿ ಆ ಅಂಕಿಯಿಂದ ಸ್ಥಿರತೆ ಅಳೆಯಲು ಬರುವುದಿಲ್ಲ. ಮೇಲಿನ ಪರೀಕ್ಷೆಗಳನ್ನೇ ತೋರಿಸಿ.

ಕೆಂಪುದ್ರವ

ಸೆಂಟ್ರಿಫ್ಯೂಜ್ ಆದ ಮೇಲೆ ದಿಬ್ಬ ಹೋಯಿತು. ಹತ್ತು ಪಟ್ಟು ತೆಳುಮಾಡಿದ್ದು ರಾತ್ರಿ ಕಳೆದರೂ ಹಾಗೇ ಇದೆ, 650ರ ಅನುಪಾತ ಬದಲಾಗಿಲ್ಲ. ಫ್ರಿಜ್ಜಿನದ್ದು ಮಾತ್ರ ಸ್ವಲ್ಪ ಮಬ್ಬಾಗಿತ್ತು. ಹೊರಗೆ ತೆಗೆದು ಬೆಚ್ಚಗಾದ ಮೇಲೆ ಮತ್ತೆ ತಿಳಿಯಾಯಿತು.

ಹಳೇ ಫ್ಲಾಸ್ಕ್

ಬೆಚ್ಚಗಾದಾಗ ವಾಪಸ್ ಬಂತು ಅಂದರೆ ಬೆಸುಗೆ ಅಲ್ಲ. ಲಿಗ್ಯಾಂಡ್ ಪದರ ಹೆಪ್ಪುಗಟ್ಟಿರಬೇಕು, ಅಥವಾ ತಣ್ಣಗಾದಾಗ ಚಿನ್ನದ ಸೆಳೆತವೇ ಕೊಂಚ ಮೇಲಾಗಿರಬೇಕು. ತಾಪಮಾನ ನಿಧಾನಕ್ಕೆ ಇಳಿಸುತ್ತಾ ಪ್ರತಿ ಐದು ಡಿಗ್ರಿಗೆ ಒಂದು ಯುವಿ-ವಿಸ್ ತೆಗೆದರೆ ಎಲ್ಲಿ ಶುರುವಾಗುತ್ತದೆ ಅಂತ ಸಿಗುತ್ತದೆ. ಕುವೆಟ್ ಹೋಲ್ಡರ್‌ಗೆ ತಾಪಮಾನ ನಿಯಂತ್ರಣ ಇದೆಯಾ? ಸದ್ಯಕ್ಕೆ ಫ್ರಿಜ್ ಬೇಡ. ಗಾಜಿನ ಬಾಟಲಿ, ಪಿಟಿಎಫ್‌ಇ ಒಳಪದರದ ಮುಚ್ಚಳ, ಕತ್ತಲೆ ಕಪಾಟು. ಟೊಲುಯೀನ್ ಆರಿ ಹೋಗದ ಹಾಗೆ ಮಟ್ಟಕ್ಕೆ ಗೆರೆ ಹಾಕಿಡಿ.

ಕೆಂಪುದ್ರವ

ನಿಯಂತ್ರಣ ಇದೆ. 30ರಿಂದ 5 ಡಿಗ್ರಿವರೆಗೆ ಇಳಿಸಿ, ಮತ್ತೆ ಏರಿಸಿ ಎರಡೂ ಕಡೆಯ ಗ್ರಾಫ್ ಹಾಕುತ್ತೇನೆ. ಟಿಜಿಎಗೂ ಸ್ಯಾಂಪಲ್ ಕೊಟ್ಟಿದ್ದೇನೆ, 5 ಶೇಕಡಾ ಬರುತ್ತದಾ ನೋಡೋಣ.